ಬೆಳಕಿಗೆ ಬಂದ ನೊಣಗಳು

ಕೆಲಸವಿಲ್ಲದೆ ಕೂತವರನ್ನು ಕಂಡರೆ ಜನ ನೊಣ ಹೊಡೆಯುತ್ತಿದ್ದಾರೆ ಎಂದು ಆಡಿಕೊಳ್ಳುತ್ತಾರೆ. ಇವಳು ಇಪ್ಪತ್ತೇಳು ವರ್ಷದಿಂದ ನೊಣ ಸಾಕುತ್ತಿದ್ದಳು. ಅದಕ್ಕೆ ತಿಂಗಳ ಸಂಬಳವೂ ಇತ್ತು, ತಲೆ ಕೆರೆದುಕೊಳ್ಳಲು ಪುರುಸೊತ್ತು ಮಾತ್ರ ಇರಲಿಲ್ಲ. ಸಂಶೋಧನಾಲಯದ ನೆಲಮಾಳಿಗೆಯ ಉದ್ದನೆಯ ಕೋಣೆಯಲ್ಲಿ ಏಳು ಸಾಲು ಕಬ್ಬಿಣದ ಕಪಾಟು. ಕಪಾಟಿನ ತುಂಬ ಬೆರಳುದ್ದದ ಗಾಜಿನ ಬಾಟಲಿಗಳು. ಬಾಟಲಿಯ ತಳದಲ್ಲಿ ಜೋಳದ ಹಿಟ್ಟು, ಸಕ್ಕರೆ, ಈಸ್ಟ್ ಸೇರಿಸಿ ಕುದಿಸಿದ ಗಂಜಿ, ಬಾಯಿಗೆ ಹತ್ತಿಯ ಬಿರಡೆ, ನಡುವೆ ಎಳ್ಳಿನಷ್ಟು ಗಾತ್ರದ ಹಣ್ಣುನೊಣಗಳು. ಒಂದು ಬಾಟಲಿಯವಕ್ಕೆ ರೆಕ್ಕೆ ಸುರುಳಿ, ಇನ್ನೊಂದರವಕ್ಕೆ ಕಣ್ಣು ಬಿಳಿ, ಮತ್ತೊಂದರವಕ್ಕೆ ಮೀಸೆ ಇರಬೇಕಾದ ಜಾಗದಲ್ಲಿ ಕಾಲು.

ಯಾವ ಕಾಲದಲ್ಲೋ ಯಾವುದೋ ಒಂದು ನೊಣದ ವಂಶವಾಹಿಯಲ್ಲಿ, ಹೆಣಿಗೆಯಲ್ಲಿ ಒಂದು ಕುಣಿಕೆ ಜಾರಿದ ಹಾಗೆ, ಏನೋ ತಪ್ಪಿತ್ತು. ಆ ತಪ್ಪನ್ನು ತಾಯಿಯಿಂದ ಮರಿಗೆ, ಮರಿಯಿಂದ ಅದರ ಮರಿಗೆ, ಕೆಡದಂತೆ ಕಾಪಾಡಿಕೊಂಡು ಬರುವುದೇ ಇವಳ ಉದ್ಯೋಗ. ಲೋಕವೆಲ್ಲ ತಪ್ಪು ತಿದ್ದುವುದಕ್ಕೆ ಒದ್ದಾಡುತ್ತಿದ್ದರೆ ಇವಳಿಗೆ ತಪ್ಪು ತಿದ್ದಿಹೋಗದಂತೆ ಕಾಯುವ ಕೆಲಸ. ಕಟ್ಟಡದವರೆಲ್ಲ ಅವಳನ್ನು ನೊಣದಮ್ಮ ಎನ್ನುತ್ತಿದ್ದರು. ಮೊದಮೊದಲು ಮುಖ ಸಿಂಡರಿಸುತ್ತಿದ್ದಳು, ಆಮೇಲೆ ಅಭ್ಯಾಸವಾಯಿತು. ಈಗ ಯಾರಾದರೂ ನಿಜವಾದ ಹೆಸರು ಹಿಡಿದು ಕರೆದರೆ ಪಕ್ಕದವರನ್ನು ನೋಡುತ್ತಾಳೆ.

ನಿವೃತ್ತಿಗೆ ಇನ್ನೆರಡು ವರ್ಷವಿತ್ತು. ಬಗ್ಗಿ ಬಗ್ಗಿ ಕತ್ತಿನ ಮೂಳೆ ಸವೆದಿತ್ತು, ನೆಲಮಾಳಿಗೆಯ ಹದಿನೆಂಟು ಮೆಟ್ಟಿಲು ಮಂಡಿಗೆ ಬೆಟ್ಟವಾಗಿತ್ತು. ಮನೆಗೆ ಹೋದರೂ ಸುಖವಿರಲಿಲ್ಲ. ಮನೆಯಲ್ಲಿ ಹೊಲಿಗೆ ಮಿಷಿನ್ ತುಳಿಯುವ ಮಗಳು, ಐದೂವರೆ ವರ್ಷದ ಮೊಮ್ಮಗಳು ಗುಬ್ಬಿ. ಅಳಿಯ ಲಾರಿ ಓಡಿಸುವವನು, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು.

ಗುಬ್ಬಿಯ ಕಣ್ಣಲ್ಲಿ ಬಣ್ಣದ ಉಂಗುರವೇ ಇರಲಿಲ್ಲ. ಬರೀ ಕಪ್ಪು, ತೆರೆದಿಟ್ಟ ಬಾಗಿಲಿನ ಹಾಗೆ. ಬೆಳಕೆಲ್ಲ ಒಮ್ಮೆಲೇ ಒಳಗೆ ನುಗ್ಗಿ ಮಗು ಮುಖ ಮುಚ್ಚಿಕೊಳ್ಳುತ್ತಿತ್ತು. ಕಿಟಕಿಗೆ ಬೆನ್ನು ಮಾಡಿ ಕೂರುವುದು, ಹೊರಗೆ ಹೊರಟರೆ ಅಗಲ ಅಂಚಿನ ಟೋಪಿ, ಕಪ್ಪು ಕನ್ನಡಕ. ವರ್ಷದಿಂದ ವರ್ಷಕ್ಕೆ ನೋಟವೂ ಮಸುಕಾಗುತ್ತಿತ್ತು. ಹುಟ್ಟಿದ ವರ್ಷವೇ ರಕ್ತ ಪರೀಕ್ಷೆಯ ಕಾಗದ ಬಂದಾಗ ನೊಣದಮ್ಮ ಅದನ್ನು ಆಸ್ಪತ್ರೆಯ ಮೊಗಸಾಲೆಯಲ್ಲಿ ನಿಂತು ಓದಿದ್ದಳು. ಕೆಟ್ಟಿರುವ ಜೀನಿನ ಹೆಸರು ಅವಳಿಗೆ ಗುರುತಿನದೇ. ಅವಳ ಕೋಣೆಯ ನಾಲ್ಕನೇ ಸಾಲಿನಲ್ಲಿ ಕಣ್ಣಿಲ್ಲದ ನೊಣಗಳ ಬಾಟಲಿ ಇತ್ತು. ಆ ನೊಣಗಳಲ್ಲಿ ಕೆಟ್ಟಿರುವುದೂ ಅದೇ ಜೀನು. ಎಳ್ಳುಕಾಳಿನಷ್ಟು ಹುಳಕ್ಕೂ ತನ್ನ ಮೊಮ್ಮಗಳಿಗೂ ಕಣ್ಣು ಕಟ್ಟುವ ಮೇಸ್ತ್ರಿ ಒಬ್ಬನೇ ಎಂಬುದನ್ನು ಪಾಠವಾಗಿ ಕೇಳಿದ್ದಳು, ಎದೆಗೆ ತಟ್ಟಿದ್ದು ಅವತ್ತೇ.

ಹೀಗಿರುವಾಗ ಆರು ತಿಂಗಳ ಹಿಂದೆ ಪುಟ್ಟ ಮೇಡಂ ತನ್ನ ಹಳದಿ ಪುಡಿ ಹಿಡಿದುಕೊಂಡು ಕೆಳಗಿಳಿದು ಬಂದಳು. ಪುಟ್ಟ ಮೇಡಂ ಎಂದರೆ ಮೂರನೇ ಮಹಡಿಯ ಪ್ರೊಫೆಸರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ಆಳು ಸಣ್ಣ, ಹಟ ದೊಡ್ಡದು. ಆ ಪುಡಿಯನ್ನು ಗಂಜಿಯಲ್ಲಿ ಬೆರೆಸಿ ಕಣ್ಣಿಲ್ಲದ ನೊಣಗಳಿಗೆ ತಿನ್ನಿಸಿದರೆ ಮಲಗಿದ ಜೀನು ಎದ್ದೀತೇನೋ ಎಂಬುದು ಅವಳ ಆಸೆ. ಐದು ಬಾಟಲಿ ಔಷಧಿಯವು, ಹೋಲಿಸಿ ನೋಡಲು ಐದು ಬಾಟಲಿ ಬರೀ ಗಂಜಿಯವು. ಹನ್ನೆರಡು ದಿನಕ್ಕೊಂದು ತಲೆಮಾರು. ಪ್ರತಿ ತಲೆಮಾರನ್ನು ಹೊಸ ಬಾಟಲಿಗೆ ದಾಟಿಸುವುದು ನೊಣದಮ್ಮನ ಪಾಲಿಗೆ, ಸೂಕ್ಷ್ಮದರ್ಶಕದಲ್ಲಿ ಕಣ್ಣು ಅಳೆಯುವುದು ಪುಟ್ಟ ಮೇಡಂ ಪಾಲಿಗೆ.

ಮೂರನೇ ತಿಂಗಳಿಗೆ ಔಷಧಿಯ ಬಾಟಲಿಗಳಲ್ಲಿ ಸಾಸಿವೆಯ ಚೂರಿನಂಥ ಕೆಂಪು ಚುಕ್ಕೆಗಳು ಕಂಡವು. ಐದನೇ ತಿಂಗಳಿಗೆ ಅರ್ಧಕ್ಕರ್ಧ ನೊಣಗಳಿಗೆ ಎರಡೂ ಕಡೆ ಕಣ್ಣು. ಬರೀ ಗಂಜಿಯವು ಮೊದಲಿನ ಹಾಗೇ ಕುರುಡು. ಗುಬ್ಬಿಯ ವಿಷಯ ಗೊತ್ತಿದ್ದ ಪುಟ್ಟ ಮೇಡಂ ನೊಣದಮ್ಮನನ್ನು ತಬ್ಬಿಕೊಂಡಳು. ಪ್ರೊಫೆಸರು, ಎಂದೂ ನೆಲಮಾಳಿಗೆಗೆ ಇಳಿಯದವರು, ಇಳಿದು ಬಂದು ಬಾಟಲಿ ನೋಡಿ ಹೋದರು.

ನೊಣದಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಚೆನ್ನಾಗಿತ್ತು. ಆದರೆ ಐದು ವರ್ಷದಿಂದ ಮಗಳ ಮುಖದಲ್ಲಿ ನಗು ಕಾಣದ ತಾಯಿ ಅವಳು. ಅವತ್ತು ಸಂಜೆ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಕಥೆ ಅಲ್ಲಿಂದ ಶುರುವಾಯಿತು. ಮಗಳು ಅಂದಿನಿಂದ ದಿನ ಎಣಿಸತೊಡಗಿದಳು.

ಊರಿನ ಆಚೆ ತುದಿಯಲ್ಲಿ ಕಣ್ಣು ಕಾಣದ ಮಕ್ಕಳಿಗೊಂದು ಶಾಲೆಯಿತ್ತು. ಉಬ್ಬಿದ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟಿ ಓದುವುದನ್ನು ಅಲ್ಲಿ ಕಲಿಸುತ್ತಿದ್ದರು. ಆರರೊಳಗೆ ಸೇರಿಸಿದರೆ ಬೆರಳು ಬೇಗ ಪಳಗುತ್ತದೆ ಎಂದು ಡಾಕ್ಟರೂ ಹೇಳಿದ್ದರು. ಹನ್ನೆರಡೇ ಸೀಟು, ಮೂವತ್ತನೇ ತಾರೀಕು ಕೊನೆಯ ದಿನ. ಅರ್ಜಿಯ ಕಾಗದ ತಂದು ತಿಂಗಳಾಗಿತ್ತು. ಮಗಳು ಅದನ್ನು ಮುಟ್ಟಲೂ ಒಪ್ಪಲಿಲ್ಲ.

"ಬೆರಳಲ್ಲಿ ಓದೋದು ಕಲಿತುಬಿಟ್ರೆ ಕಣ್ಣಿಗೆ ಸೋಮಾರಿತನ ಬರುತ್ತಮ್ಮ. ಔಷಧಿ ಬರೋ ಹೊತ್ತಲ್ಲಿ ಯಾರಾದ್ರೂ ಕುರುಡರ ಸ್ಕೂಲಿಗೆ ಹಾಕ್ತಾರಾ?"

ನೊಣದಮ್ಮನಿಗೆ ಅವತ್ತು ಅದು ಸರಿಯೆಂದೇ ತೋರಿತ್ತು.

ಹದಿನೇಳನೇ ತಾರೀಕು ಬೆಳಿಗ್ಗೆ ಔಷಧಿಯ ಬಾಟಲಿಯೊಂದಕ್ಕೆ ಬೂಷ್ಟು ಹಿಡಿಯಿತು. ಹೋದರೆ ಹೋಗಲಿ, ಬದಲಿ ಇದೆಯಲ್ಲ ಎಂದು ನೊಣದಮ್ಮ ಕಪಾಟಿನ ಹಿಂದಕ್ಕೆ ಕೈ ಹಾಕಿದಳು. ಯಾವ ನೊಣವನ್ನೇ ಸಾಕಲಿ, ಅದರದೊಂದು ಜೊತೆ ಬಾಟಲಿಯನ್ನು ಯಾರಿಗೂ ಹೇಳದೆ ಹಿಂದೆ ಇಟ್ಟಿರುವುದು ಅವಳ ಪದ್ಧತಿ. ಔಷಧಿ ಶುರುವಾದ ಮೊದಲ ತಿಂಗಳೇ, ಔಷಧಿಗೆಂದು ತೆಗೆದ ನೊಣಗಳಲ್ಲೇ ಹತ್ತನ್ನು, ಪುಡಿ ಮುಟ್ಟಿಸುವ ಮೊದಲೇ, ಬೇರೆ ಬಾಟಲಿಗೆ ಹಾಕಿಟ್ಟಿದ್ದಳು. ಹಳದಿ ಪುಡಿ ಬಂಗಾರದಷ್ಟು ದುಬಾರಿ, ಅದನ್ನು ಬದಲಿ ಬಾಟಲಿಗೆ ಯಾರು ಹಾಕುತ್ತಾರೆ? ಇದಕ್ಕೆ ಬರೀ ಗಂಜಿ. ಆರು ತಿಂಗಳಿಂದ ತಪ್ಪದೆ ದಾಟಿಸುತ್ತಲೇ ಬಂದಿದ್ದಳು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿರಲಿಲ್ಲ ಅಷ್ಟೆ.

ನೊಣಗಳಿಗೆ ನಿದ್ದೆಯ ಗಾಳಿ ಬಿಟ್ಟು, ಬಿಳಿ ತಟ್ಟೆಯ ಮೇಲೆ ಸುರಿದು, ಕತ್ತು ಹಿಡಿದುಕೊಂಡು ಬಗ್ಗಿದಳು. ಕೆಂಪು ಕಣ್ಣು. ಕುಂಚದಿಂದ ಹೊರಳಿಸಿದಳು. ಇನ್ನೊಂದಕ್ಕೂ ಕೆಂಪು ಕಣ್ಣು. ಹತ್ತರಲ್ಲಿ ಆರಕ್ಕೆ ಕಣ್ಣಿತ್ತು. ಮೊದಲು ಚೀಟಿ ಬದಲಾಗಿದೆ ಎಂದುಕೊಂಡಳು. ಚೀಟಿಯ ಮೇಲೆ ತನ್ನದೇ ಕೈಬರಹ, ತನ್ನದೇ ತಾರೀಕು. ಪುಡಿಯ ಕಣವನ್ನೂ ಮೂಸದ ನೊಣಗಳಿಗೆ ಔಷಧಿ ತಿಂದವಕ್ಕೆ ಬಂದಷ್ಟೇ ಕಣ್ಣು ಬಂದಿತ್ತು.

ಅವಳು ಸ್ಟೂಲಿನ ಮೇಲೆ ಹಾಗೇ ಕೂತಳು. ಏನಾಗಿದೆ ಎಂದು ತಿಳಿಯಲು ಅವಳಿಗೆ ಪ್ರೊಫೆಸರು ಬೇಕಾಗಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?

ಮೊದಲ ವಾರ ಔಷಧಿಯ ಗಂಜಿ ತಿಂದ ನೊಣಗಳು ರಾಶಿರಾಶಿ ಸತ್ತಿದ್ದವು. ಪುಟ್ಟ ಮೇಡಂ ಕಣ್ಣಲ್ಲಿ ನೀರು ತುಂಬಿಕೊಂಡು ಬಂದು, "ಸ್ವಲ್ಪ ಗಟ್ಟಿಯಾದವನ್ನ ಹಾಕ್ತೀರಾ ಅಮ್ಮ?" ಎಂದಿದ್ದಳು. ಗಟ್ಟಿ ನೊಣ ಆರಿಸುವುದಕ್ಕೆ ಸಾಕುವವರ ಹತ್ತಿರ ಒಂದು ಉಪಾಯವಿದೆ. ಹಳೇ ಬಾಟಲಿಯ ಬಾಯಿಗೆ ಹೊಸ ಬಾಟಲಿಯ ಬಾಯಿ ಇಟ್ಟು, ಹೊಸದರ ಹಿಂದೆ ದೀಪ ಹಿಡಿಯುವುದು. ಚುರುಕಾದವು ಬೆಳಕು ಕಂಡೊಡನೆ ಓಡಿ ಬರುತ್ತವೆ. ಸಾಕಷ್ಟು ಬಂದ ಮೇಲೆ ಬಿರಡೆ ಹಾಕುವುದು. ಅವಳು ಇಪ್ಪತ್ತೇಳು ವರ್ಷದಿಂದ, ಸೊರಗಿದ ತಳಿಗಳನ್ನೆಲ್ಲ ಹೀಗೇ ಉಳಿಸಿಕೊಂಡು ಬಂದವಳು. ಅದೇ ಅಭ್ಯಾಸಬಲ. ಬರೀ ಗಂಜಿಯ ಬಾಟಲಿಗಳನ್ನು ನಿಯಮದ ಪ್ರಕಾರ ಆರಿಸದೆ, ಬಗ್ಗಿಸಿ ತಟ್ಟಿ, ಇದ್ದಷ್ಟನ್ನೂ ದಾಟಿಸುತ್ತಿದ್ದಳು. ಔಷಧಿಯವನ್ನು ಮಾತ್ರ ಪಾಪ ಎಂದು ದೀಪ ಹಿಡಿದು ಕರೆಯುತ್ತಿದ್ದಳು. ಅವುಗಳ ಬದಲಿ ಬಾಟಲಿಯನ್ನೂ ಹಾಗೆಯೇ.

ಬೆಳಕಿಗೆ ಓಡಿ ಬರುವವು ಯಾವುವು? ಬೆಳಕು ಕಾಣುವಂಥವು. ಕಣ್ಣಿಲ್ಲದ ತಳಿಯಲ್ಲೂ ಎಲ್ಲವೂ ಪೂರ್ತಿ ಕುರುಡಲ್ಲ, ಅಲ್ಲೊಂದು ಇಲ್ಲೊಂದಕ್ಕೆ ಸೂಜಿಮೊನೆಯಷ್ಟು ಕಣ್ಣು ಇರುತ್ತದೆ. ಪ್ರತಿ ಸಲವೂ ಅವೇ ಮುಂದೆ ಬಂದವು, ಅವೇ ಮರಿ ಹಾಕಿದವು. ಕೆಟ್ಟ ಜೀನು ಕೆಟ್ಟ ಹಾಗೇ ಕೂತಿತ್ತು. ಸುತ್ತಲಿನ ಬೇರೆ ಜೀನುಗಳು ತಲೆಮಾರಿನಿಂದ ತಲೆಮಾರಿಗೆ ಒಟ್ಟುಗೂಡಿ ಅದರ ಹುಳುಕು ಮುಚ್ಚಿದ್ದವು. ಹಳದಿ ಪುಡಿ ಏನೂ ಮಾಡಿರಲಿಲ್ಲ. ಮಾಡಿದ್ದು ಅವಳ ಕೈಯ ದೀಪ.

ಕಣ್ಣಿಗೆ ಕಂಡರೂ ಮನಸ್ಸು ಒಪ್ಪಬೇಕಲ್ಲ. ಇನ್ನೊಂದು ಸಲ ನೋಡೋಣ ಎಂದು ಅವಳು ಅದೇ ದಿನ ಎರಡು ಬಾಟಲಿ ಹೂಡಿದಳು. ಆರಿಸದೆ ಸುರಿದ ಕುರುಡು ನೊಣಗಳಿಗೆ ಔಷಧಿಯ ಗಂಜಿ, ಬದಲಿ ಬಾಟಲಿಯಿಂದ ಬೆಳಕಿಗೆ ಬಂದ ನೊಣಗಳಿಗೆ ಬರೀ ಗಂಜಿ. ಮರಿ ಹೊರಬರಲು ಹನ್ನೆರಡು ದಿನ. ಇಪ್ಪತ್ತೊಂಬತ್ತನೇ ತಾರೀಕು.

ಆ ಹನ್ನೆರಡು ದಿನ ಅವಳಿಗೆ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡ ಹಾಗಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮೇಲಿನ ಮಹಡಿಯಲ್ಲಿ ಪುಟ್ಟ ಮೇಡಂ ಪ್ರಬಂಧ ತಿದ್ದುತ್ತಿದ್ದಳು. ಮನೆಯಲ್ಲಿ ಮಗಳು ಹಳೇ ಸೀರೆಯ ಅಂಚು ಕತ್ತರಿಸಿ ಗುಬ್ಬಿಗೆ ಬಣ್ಣಬಣ್ಣದ ಲಂಗ ಹೊಲಿಯುತ್ತಿದ್ದಳು.

"ಇದು ಹಸಿರು, ಇದು ಕೇಸರಿ. ಅವಳೇ ನೋಡ್ಲಿ ಅಂತ. ನೀನ್ಯಾಕೆ ಹಿಂಗಿದ್ದೀಯಾ? ಊಟಾನೂ ಸರಿಯಾಗಿ ಮಾಡ್ತಿಲ್ಲ."

"ಸುಸ್ತು ಕಣೇ."

"ಎರಡು ವರ್ಷ ತಡ್ಕೋ. ಆಮೇಲೆ ಕಾಲ್ಮೇಲೆ ಕಾಲ್ ಹಾಕ್ಕೊಂಡು ಕೂತ್ಕೊಳ್ಳೋವಂತೆ. ಗುಬ್ಬಿನೇ ನಿಂಗೆ ಪೇಪರ್ ಓದಿ ಹೇಳ್ತಾಳೆ."

ನೊಣದಮ್ಮ ತಟ್ಟೆ ಎತ್ತಿಕೊಂಡು ಎದ್ದುಬಿಟ್ಟಳು. ಹೇಳಿದರೆ ಮಗಳ ಎದೆ ಒಡೆಯುತ್ತದೆ. ಹೇಳದಿದ್ದರೆ ಮೂವತ್ತನೇ ತಾರೀಕು ದಾಟುತ್ತದೆ, ಮಗುವಿನ ಒಂದು ವರ್ಷ ಹಾಳು. ಮುಂದಿನ ವರ್ಷ ಸೀಟು ಸಿಗುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ಲೆಕ್ಕ ಸ್ಪಷ್ಟವಾಗಿತ್ತು, ಧೈರ್ಯ ಇರಲಿಲ್ಲ.

ಇಪ್ಪತ್ತೊಂಬತ್ತರ ಬೆಳಿಗ್ಗೆ ಎರಡೂ ಬಾಟಲಿಗಳನ್ನು ತಟ್ಟೆಗೆ ಸುರಿದಳು. ಔಷಧಿ ತಿಂದವು ಕುರುಡು. ಬರೀ ಗಂಜಿ ತಿಂದವಕ್ಕೆ ಕಣ್ಣು. ಅವಳು ಆ ಬಾಟಲಿಗಳ ಜೊತೆ ಬದಲಿ ಬಾಟಲಿಯನ್ನೂ ಟ್ರೇಯಲ್ಲಿಟ್ಟುಕೊಂಡು, ಮೂರು ಕಡೆ ನಿಂತು ಉಸಿರು ತೆಗೆದುಕೊಂಡು, ಮೂರನೇ ಮಹಡಿ ಹತ್ತಿದಳು.

ಪುಟ್ಟ ಮೇಡಂ ಪೂರ್ತಿ ಕೇಳಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು.

"ಒಂದೇ ತಲೆಮಾರಲ್ಲಿ ಔಷಧಿ ಕೆಲಸ ಮಾಡಲ್ಲ. ಇದರಿಂದ ಏನೂ ಗೊತ್ತಾಗಲ್ಲ."

"ಇದು ಬಿಡಿ, ಬದಲಿ ಬಾಟಲಿ ನೋಡಿ. ಆರು ತಿಂಗಳಿಂದ ಪುಡಿನೇ ಕಂಡಿಲ್ಲ. ನಿಮ್ಮದರಷ್ಟೇ ಕಣ್ಣಿದೆ."

"ಆರಿಸಿ ಹಾಕಿ ಅಂತ ನಿಮಗೆ ಯಾರು ಹೇಳಿದ್ದು?"

"ಗಟ್ಟಿಯಾದವನ್ನ ಹಾಕಿ ಅಂದ್ರಲ್ಲ ಮೇಡಂ."

ಹುಡುಗಿಗೆ ನೆನಪಾಯಿತು ಅಂತ ಕಾಣುತ್ತದೆ. ಮೇಜಿನ ಮೇಲಿನ ಕಾಗದದ ಕಟ್ಟನ್ನು ಒಮ್ಮೆ ಸರಿಪಡಿಸಿದಳು, ಮತ್ತೆ ಸರಿಪಡಿಸಿದಳು. ಅವಳಿಗೂ ನಾಲ್ಕು ವರ್ಷದ ದುಡಿತ, ನಿದ್ದೆಗೆಟ್ಟ ಕಣ್ಣು, ಕಾಯುತ್ತಾ ಕೂತ ತಂದೆ ತಾಯಿ ಇದ್ದರು. ನೊಣದಮ್ಮನಿಗೆ ಅವಳನ್ನು ಕಂಡು ಕರುಳು ಚುರ್ರೆಂದಿತು. ಆದರೆ ಕರುಳು ಚುರ್ರೆಂದದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು?

"ಬೇರೆ ಯಾರಿಗೆ ಗೊತ್ತು?"

"ನಿಮ್ಮನ್ನ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ."

ಯಾವುದೋ ಮಿಷಿನ್ನು ಮೂಲೆಯಲ್ಲಿ ಗೊರಗುಟ್ಟುತ್ತಿತ್ತು. ಕೊನೆಗೆ ಪುಟ್ಟ ಮೇಡಂ ಬದಲಿ ಬಾಟಲಿಯನ್ನು ಎತ್ತಿ ಕಿಟಕಿಗೆ ಹಿಡಿದಳು. ಒಳಗಿನ ನೊಣಗಳು ಬೆಳಕಿದ್ದ ಕಡೆಗೆ ಗಾಜು ಹತ್ತಿದವು.

"ಮಧ್ಯಾಹ್ನ ಪ್ರೊಫೆಸರಿಗೆ ಹೇಳ್ತೀನಿ. ಮನೇಲಿ ಹೇಳಿದ್ರಾ?"

"ಇಲ್ಲ."

"ಅದು ನನ್ನಿಂದಾಗಲ್ಲ ಅಮ್ಮ. ಅದನ್ನ ನೀವೇ ಹೇಳ್ಬೇಕು."

ಆ ಹುಡುಗಿ ಕೆಟ್ಟವಳಲ್ಲ. ನಾಲ್ಕು ಬೈದು ಹೊರಗೆ ಅಟ್ಟಿದ್ದರೆ ನೊಣದಮ್ಮನಿಗೆ ಒಂದಿಷ್ಟು ಹಗುರವಾಗುತ್ತಿತ್ತು, ಅದೂ ಸಿಗಲಿಲ್ಲ.

ಸಂಜೆ ಅವಳು ಮನೆಗೆ ಬಂದಾಗ ಮಗಳು ಮಿಷಿನ್ ಮುಂದೆ ಇದ್ದಳು. ಗುಬ್ಬಿ ಮಂಚದ ಪಕ್ಕದ ನೆರಳಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂತು, ಗುಂಡಿಗಳ ರಾಶಿಯನ್ನು ಬೇರೆ ಮಾಡುತ್ತಿತ್ತು. ಕಣ್ಣು ಎಲ್ಲೋ, ಬೆರಳು ಮಾತ್ರ ಗುಂಡಿಯ ಮೇಲೆ. ಎರಡು ತೂತಿನವು ಒಂದು ಡಬ್ಬಿಗೆ, ನಾಲ್ಕು ತೂತಿನವು ಇನ್ನೊಂದಕ್ಕೆ. ಒಂದೂ ತಪ್ಪುತ್ತಿರಲಿಲ್ಲ. ನೊಣದಮ್ಮ ಅದನ್ನು ನೋಡುತ್ತಾ ಗೋಡೆಗೆ ಒರಗಿ ಕೂತಳು.

"ಔಷಧಿ ಕೆಲಸ ಮಾಡಿಲ್ಲ ಕಣೇ" ಎಂದಳು. ಬೇರೆ ಯಾವ ರೀತಿಯಲ್ಲಿ ಶುರು ಮಾಡುವುದೋ ಅವಳಿಗೆ ಗೊತ್ತಾಗಲಿಲ್ಲ.

ಮಿಷಿನ್ನಿನ ಸದ್ದು ನಿಂತಿತು.

"ಕಣ್ಣು ಬಂತು ಅಂದಿದ್ಯಲ್ಲ?"

"ಬಂದಿದ್ದು ನಿಜ. ಔಷಧಿಯಿಂದ ಬಂದಿದ್ದಲ್ಲ. ನನ್ನ ಕೈಯಿಂದಾಗಿರೋ ತಪ್ಪು."

"ಸರಿಯಾಗಿ ಹೇಳು. ನಂಗೆ ಅರ್ಥ ಆಗೋ ಹಂಗೆ ಹೇಳು."

ಅವಳು ಹೇಳಿದಳು. ಹಳೇ ಬಾಟಲಿ, ಹೊಸ ಬಾಟಲಿ, ದೀಪ. ಒಂಚೂರು ಕಂಡವು ಓಡಿ ಬರುತ್ತಿದ್ದದ್ದು, ಅವುಗಳ ಮರಿಗೆ ಇನ್ನೊಂಚೂರು ಕಂಡದ್ದು, ಹೀಗೇ ಹದಿನೈದು ತಲೆಮಾರು. ತಗ್ಗಿಸಿದ ತಲೆ ಎತ್ತದೆ, ಪಾಠ ಒಪ್ಪಿಸುವ ಹಾಗೆ ಹೇಳಿದಳು. ನಾಳೆ ಮೂವತ್ತು, ಶಾಲೆಯಲ್ಲಿ ಸೀಟು ಇನ್ನೂ ಇರಬಹುದು, ಅರ್ಜಿ ಕೊಟ್ಟು ಬರೋಣ ಎಂದೂ ಸೇರಿಸಿದಳು. ಮಗಳು ಅಳುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದು ಕಾದಳು. ಎರಡೂ ಆಗಲಿಲ್ಲ. ಮಗಳು ಮಿಷಿನ್ನಿನ ಚಕ್ರದ ಮೇಲೆ ಅಂಗೈ ಇಟ್ಟುಕೊಂಡು ಯೋಚಿಸುತ್ತಿದ್ದಳು.

"ಬೆಳಕಿಗೆ ಬಂದವನ್ನ ಹೊಸ ಬಾಟಲಿಗೆ ಹಾಕ್ದೆ" ಎಂದಳು. "ಬರದೇ ಇದ್ದವು?"

"ಏನು?"

"ಬೆಳಕು ಕಾಣದೆ ಹಳೇ ಬಾಟಲಿಲೇ ಉಳ್ಕೊಂಡವಲ್ಲ. ಅವನ್ನ ಏನ್ ಮಾಡ್ತಿದ್ದೆ?"

ಇಪ್ಪತ್ತೇಳು ವರ್ಷದಲ್ಲಿ ಈ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ಕೇಳುವಂಥದ್ದೂ ಆಗಿರಲಿಲ್ಲ. ಬಾಟಲಿ ಬದಲಿಸಿದ ಮೇಲೆ ಹಳೆಯದನ್ನು ಏನು ಮಾಡುತ್ತಾರೋ ಅದನ್ನೇ ಅವಳು ಮಾಡುತ್ತಿದ್ದಳು, ದಿನಕ್ಕೆ ನಲವತ್ತು ಐವತ್ತು ಬಾಟಲಿ, ಕೈಗೆ ಅದು ಪಾತ್ರೆ ತೊಳೆದಷ್ಟು ಸಹಜ. ಬೇರೆ ಕಡೆ ಬಿಡುತ್ತಿದ್ದೆ ಎಂಬ ಸುಳ್ಳೊಂದು ನಾಲಿಗೆಯ ತುದಿಗೆ ಬಂತು. ಬೆಳಿಗ್ಗೆಯಿಂದ ನಿಜ ಹೇಳಿ ಹೇಳಿ ಅವಳು ಸೋತಿದ್ದಳು, ಸುಳ್ಳನ್ನು ಕಟ್ಟುವ ಶಕ್ತಿಯೂ ಉಳಿದಿರಲಿಲ್ಲ.

"ಫ್ರೀಜರ್‌ಗೆ ಇಡ್ತೀವಿ" ಎಂದಳು. "ಮಾರನೇ ದಿನ ಬಾಟಲಿ ತೊಳೀತೀವಿ."

ಹೇಳಿದ ಮೇಲೆ ಅವಳಿಗೆ ತನ್ನ ಮಾತು ತನಗೇ ಕೇಳಿಸಿತು. ನೆರಳಲ್ಲಿ ಕೂತ ಗುಬ್ಬಿ ಗುಂಡಿಯೊಂದನ್ನು ಬೆರಳಿನಿಂದ ಸವರುತ್ತಾ ಎರಡೋ ನಾಲ್ಕೋ ಎಂದು ಎಣಿಸುತ್ತಿತ್ತು. ನೊಣದಮ್ಮನಿಗೆ ನಾಚಿಕೆಯಾಯಿತು, ಯಾವ ತಪ್ಪಿಗೂ ಆಗದಷ್ಟು ನಾಚಿಕೆಯಾಯಿತು. ಇದು ತಪ್ಪೂ ಆಗಿರಲಿಲ್ಲ, ಕೆಲಸವಾಗಿತ್ತು.

ಮಗಳು ಎದ್ದು ಹೋಗಿ ಮಗುವನ್ನು ಎತ್ತಿಕೊಂಡಳು. ಎತ್ತಿಕೊಳ್ಳುವ ವಯಸ್ಸು ದಾಟಿದ ಮಗು, ಕಾಲು ತಾಯಿಯ ಮೊಣಕಾಲಿನವರೆಗೆ ಜೋತುಬಿತ್ತು. ಗುಂಡಿಗಳು ನೆಲದ ಮೇಲೆ ಚೆಲ್ಲಿದವು.

"ನಾಳೆ ಸ್ಕೂಲಿಗೆ ನಾನೇ ಕರ್ಕೊಂಡ್ ಹೋಗ್ತೀನಿ" ಎಂದಳು. "ನೀನು ಬರಬೇಡಮ್ಮ."

ನೊಣದಮ್ಮ ಹೂಂ ಎಂದಳು. ನೆಲಕ್ಕೆ ಬಗ್ಗಿ, ಚೆಲ್ಲಿದ ಗುಂಡಿಗಳನ್ನು ಒಂದೊಂದಾಗಿ ಹೆಕ್ಕತೊಡಗಿದಳು.